ಮೂರು ಡ್ರೈವ್ ಇದ್ರೂ ಬ್ಯಾಕಪ್ ಇರ್ಲಿಲ್ಲ

ನಮ್ಮ ಕನ್ನಡ ಸಂಘದ ರೂಮಿನಲ್ಲಿ ಸೀನಿಯರ್‌ಗಳು ಬಿಟ್ಟುಹೋದ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಅದರಲ್ಲಿ ಮೂರು ಡ್ರೈವ್: ವಿಂಡೋಸ್ ಇರೋ 256 ಜಿಬಿ ಎಸ್‌ಎಸ್‌ಡಿ, ಫೋಟೋ-ವಿಡಿಯೋ ತುಂಬಿರೋ 1 ಟಿಬಿ ಹಾರ್ಡ್ ಡಿಸ್ಕ್, ಅದರ ಪಕ್ಕದಲ್ಲೇ ಇನ್ನೊಂದು 1 ಟಿಬಿ. ಎರಡನೆಯದರಲ್ಲಿ ಇರೋದನ್ನೆಲ್ಲ ದಿನಾ ಮೂರನೆಯದಕ್ಕೆ ಕಾಪಿ ಮಾಡೋ ಚಿಕ್ಕ ಸ್ಕ್ರಿಪ್ಟ್ ಕೂಡ ಇತ್ತು. ಬ್ಯಾಕಪ್ ಇದೆ ಬಿಡು ಅಂತ ನಾವು ಆರಾಮಾಗಿದ್ವಿ.

ಕಳೆದ ಸೆಮಿಸ್ಟರ್‌ನಲ್ಲಿ ಡಿ ಡ್ರೈವ್ ತುಂಬಿಹೋಯ್ತು. ಜಾಗ ಮಾಡೋಕೆ ಹೋಗಿ ನಮ್ಮಲ್ಲೊಬ್ಬರು 'ನ್ಯೂ ಫೋಲ್ಡರ್ 3' ಅನ್ನೋದನ್ನ ಶಿಫ್ಟ್ ಒತ್ತಿ ಡಿಲೀಟ್ ಮಾಡಿದ್ರು. ಒಳಗಿದ್ದದ್ದು ಹಿಂದಿನ ಬ್ಯಾಚ್ ಮಾಡಿದ ರಾಜ್ಯೋತ್ಸವ ನಾಟಕದ ಪೂರ್ತಿ ರೆಕಾರ್ಡಿಂಗ್. ನಮಗೆ ಗೊತ್ತಾಗಿದ್ದು ಮೂರು ದಿನ ಆದ್ಮೇಲೆ. ಬ್ಯಾಕಪ್ ಡ್ರೈವ್ ತೆಗೆದು ನೋಡಿದ್ರೆ ಅಲ್ಲೂ ಇಲ್ಲ! ರೋಬೋಕಾಪಿಯ ಮಿರರ್ ಆಪ್ಷನ್ ಹಾಕಿ ಬರೆದ ಸ್ಕ್ರಿಪ್ಟ್ ಅದು. ಮಿರರ್ ಅಂದ್ರೆ ಕನ್ನಡಿ. ಮೂಲದಲ್ಲಿ ಇಲ್ಲದ್ದು ನಕಲಿನಲ್ಲೂ ಇರಬಾರದು ಅನ್ನೋದೇ ಅದರ ಕೆಲಸ. ಅದು ತನ್ನ ಕೆಲಸ ಸರಿಯಾಗೇ ಮಾಡಿತ್ತು.

ಫೋಟೋರೆಕ್ ಓಡಿಸಿ ನೋಡಿದ್ವಿ. ಆದ್ರೆ ಅಷ್ಟರಲ್ಲಿ ಖಾಲಿಯಾದ ಜಾಗದಲ್ಲಿ ಹೊಸ ವಿಡಿಯೋಗಳನ್ನ ತುಂಬಿಸಿಬಿಟ್ಟಿದ್ವಿ. ಹೆಸರಿಲ್ಲದ ಒಂದಷ್ಟು ಫೈಲ್ ಸಿಕ್ಕವು, ಹೆಚ್ಚಿನವು ಓಪನ್ ಆಗಲ್ಲ. ಆಮೇಲೆ ಎರಡು ವೀಕೆಂಡ್ ಕೂತು ಎಲ್ಲವನ್ನೂ ಹೊಸದಾಗಿ ಸೆಟಪ್ ಮಾಡಿದ್ವಿ. ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ.

ಮೊದಲು ಇದು ಸ್ಪಷ್ಟ ಆಗ್ಲಿ

ಒಂದೇ ಕ್ಯಾಬಿನೆಟ್‌ನಲ್ಲಿ ಎಷ್ಟು ಡ್ರೈವ್ ಇದ್ರೂ ಅಷ್ಟಕ್ಕೇ ಅದು ಬ್ಯಾಕಪ್ ಆಗಲ್ಲ. ಎಲ್ಲದಕ್ಕೂ ಕರೆಂಟ್ ಕೊಡೋದು ಒಂದೇ ಎಸ್‌ಎಂಪಿಎಸ್. ಅದು ಕೆಟ್ಟು ವೋಲ್ಟೇಜ್ ಜಾಸ್ತಿ ಬಿಟ್ರೆ ಮೂರೂ ಒಟ್ಟಿಗೆ ಹೋಗಬಹುದು. ರ‍್ಯಾನ್ಸಮ್‌ವೇರ್ ಬಂದ್ರೂ ಅಷ್ಟೇ, ಅದಕ್ಕೆ ಕಾಣಿಸೋ ಡ್ರೈವ್ ಎಲ್ಲಾ ಅದರದ್ದೇ.

ರೇಡ್ 1 ಹಾಕಿದ್ರೆ ಸಾಲದಾ ಅಂತ ನಮ್ಮ ಕ್ಲಾಸಲ್ಲೂ ಕೇಳಿದ್ರು. ಸಾಲಲ್ಲ. ಒಂದು ಡಿಸ್ಕ್ ಸತ್ರೂ ಕಂಪ್ಯೂಟರ್ ನಿಲ್ಲದೆ ಓಡ್ಲಿ ಅಂತ ರೇಡ್ ಇರೋದು. ನೀವು ಡಿಲೀಟ್ ಒತ್ತಿದ್ರೆ ಅದು ಎರಡೂ ಡಿಸ್ಕಿನಲ್ಲಿ ಆ ಕ್ಷಣದಲ್ಲೇ ಡಿಲೀಟ್ ಮಾಡುತ್ತೆ. ನಮ್ಮ ಸ್ಕ್ರಿಪ್ಟ್ ಕನಿಷ್ಠ ಒಂದು ದಿನ ಕಾಯ್ತಿತ್ತು!

ಬ್ಯಾಕಪ್ ಅಂದ್ರೆ ನಿನ್ನೆ, ಹೋದ ವಾರ, ಹೋದ ತಿಂಗಳು ಹೇಗಿತ್ತೋ ಹಾಗೆ ವಾಪಸ್ ಸಿಗಬೇಕು. ನಮ್ಮ ಹತ್ರ ಇದ್ದದ್ದು ಇವತ್ತಿನ ಎರಡು ಕಾಪಿ ಮಾತ್ರ.

ಯಾವ ಡ್ರೈವ್ ಯಾವುದು?

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ಡಿಸ್ಕ್ 0, ಡಿಸ್ಕ್ 1, ಡಿಸ್ಕ್ 2 ಅಂತ ಕಾಣುತ್ತೆ. ಈ ನಂಬರನ್ನ ನಂಬ್ಕೋಬೇಡಿ. ಕೇಬಲ್ ಬದಲಾಯಿಸಿದ್ರೆ, ಹೊಸ ಡ್ರೈವ್ ಸೇರಿಸಿದ್ರೆ ನಂಬರ್ ಬದಲಾಗಬಹುದು. ಲಿನಕ್ಸ್‌ನ ಎಸ್‌ಡಿಎ, ಎಸ್‌ಡಿಬಿ ಹೆಸರುಗಳ ಕಥೆಯೂ ಇದೇ. ಸೈಜ್ ಮತ್ತು ಮಾಡೆಲ್ ನೋಡಿ. ಒಂದೇ ಸೈಜಿನ ಎರಡು ಇದ್ರೆ ಸೀರಿಯಲ್ ನಂಬರ್ ನೋಡಿ, ಡ್ರೈವ್ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ.

ಅಂದಹಾಗೆ 1 ಟಿಬಿ ಡಿಸ್ಕ್ 931 ಜಿಬಿ ಅಂತ ತೋರಿಸಿದ್ರೆ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಕಂಪನಿ ಲೆಕ್ಕದಲ್ಲಿ 1 ಟಿಬಿ ಅಂದ್ರೆ 10ರ 12ನೇ ಘಾತದಷ್ಟು ಬೈಟ್. ವಿಂಡೋಸ್ ಅದನ್ನ 2ರ 30ನೇ ಘಾತದಿಂದ ಭಾಗಿಸಿ ಜಿಬಿ ಅನ್ನುತ್ತೆ.

ಬೂಟ್‌ಲೋಡರ್ ಎಲ್ಲಿದೆ ಅಂತ ನೋಡಿ

ಒಂದಕ್ಕಿಂತ ಹೆಚ್ಚು ಡ್ರೈವ್ ಇರೋರು ಇದನ್ನ ದಯವಿಟ್ಟು ಬಿಡದೆ ಓದಿ. ನಮ್ಮ ವಿಂಡೋಸ್ ಎಸ್‌ಎಸ್‌ಡಿಯಲ್ಲಿತ್ತು. ಆದ್ರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓದೋ ಇಎಫ್‌ಐ ಸಿಸ್ಟಂ ಪಾರ್ಟಿಷನ್, ಬರೀ 100 ಎಂಬಿಯದ್ದು, ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ! ಇನ್‌ಸ್ಟಾಲ್ ಮಾಡುವಾಗ ಹಾರ್ಡ್ ಡಿಸ್ಕೂ ಕನೆಕ್ಟ್ ಆಗಿತ್ತು, ಅದರಲ್ಲಿ ಮೊದಲೇ ಇದ್ದ ಇಎಫ್‌ಐ ಪಾರ್ಟಿಷನ್ನನ್ನೇ ವಿಂಡೋಸ್ ಬಳಸಿಕೊಂಡಿತ್ತು. ಅಂದ್ರೆ ಎಸ್‌ಎಸ್‌ಡಿಯನ್ನ ಎಷ್ಟೇ ಚೆನ್ನಾಗಿ ಕ್ಲೋನ್ ಮಾಡಿದ್ರೂ ಹಾರ್ಡ್ ಡಿಸ್ಕ್ ಸತ್ತ ದಿನ ಆ ಕ್ಲೋನ್ ಬೂಟ್ ಆಗ್ತಿರ್ಲಿಲ್ಲ.

ನಾವು ಸಿ ಡ್ರೈವನ್ನ ಸ್ವಲ್ಪ ಶ್ರಿಂಕ್ ಮಾಡಿ, ಎಸ್‌ಎಸ್‌ಡಿಯಲ್ಲೇ ಒಂದು ಇಎಫ್‌ಐ ಪಾರ್ಟಿಷನ್ ಮಾಡಿ, ಬಿಸಿಡಿಬೂಟ್ ಕಮಾಂಡಿನಿಂದ ಬೂಟ್ ಫೈಲ್‌ಗಳನ್ನ ಅಲ್ಲಿಗೆ ಬರೆಸಿದ್ವಿ. ಆಮೇಲೆ ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚಿ ಆನ್ ಮಾಡಿದ್ವಿ. ಬೂಟ್ ಆಯ್ತು. ನೀವು ಹೊಸದಾಗಿ ವಿಂಡೋಸ್ ಹಾಕೋದಾದ್ರೆ ಬೇರೆ ಡ್ರೈವ್‌ಗಳ ಕೇಬಲ್ ಮೊದಲೇ ಬಿಚ್ಚಿಡಿ. ಈ ತಲೆನೋವೇ ಇರಲ್ಲ.

ಸಿಸ್ಟಂ ಬೇರೆ, ಡೇಟಾ ಬೇರೆ

ಸಿಸ್ಟಂಗೆ ಇಮೇಜ್ ಬೇಕು. ಅಂದ್ರೆ ಪಾರ್ಟಿಷನ್ ಸಮೇತ ಪೂರ್ತಿ ಡ್ರೈವಿನ ಪಡಿಯಚ್ಚು. ನಾವು ಬಳಸಿದ್ದು ಕ್ಲೋನ್‌ಜಿಲ್ಲಾ, ಫ್ರೀ ಇದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಎಸ್‌ಎಸ್‌ಡಿಯ ಇಮೇಜನ್ನ ಎಕ್ಸ್‌ಟರ್ನಲ್ ಡ್ರೈವಿಗೆ ತೆಗೆದ್ವಿ. ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಆದ್ರೆ ತುಂಬಿದ ಜಾಗವನ್ನ ಮಾತ್ರ ಕಾಪಿ ಮಾಡುತ್ತೆ. ನಮ್ಮದ್ರಲ್ಲಿ ತುಂಬಿದ್ದು 120 ಜಿಬಿ. ಸೆಕೆಂಡಿಗೆ 100 ಎಂಬಿ ಅಂತ ಹಿಡಿದ್ರೆ 20 ನಿಮಿಷ, ಒಂದು ಟೀ ಬ್ರೇಕ್. ತಿಂಗಳಿಗೊಮ್ಮೆ ಸಾಕು.

ಎರಡು ಎಚ್ಚರಿಕೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲಾಂದ್ರೆ ಶಟ್‌ಡೌನ್ ಮಾಡಿದ್ರೂ ಸಿಸ್ಟಂ ಅರ್ಧ ನಿದ್ದೆಯಲ್ಲೇ ಇರುತ್ತೆ, ಇಮೇಜ್ ತೆಗೆಯುವಾಗ ಎರರ್ ಬರುತ್ತೆ. ಬಿಟ್‌ಲಾಕರ್ ಆನ್ ಇದ್ರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದೇ ಕಂಪ್ಯೂಟರಿನ ಒಳಗಲ್ಲ, ಕಾಗದದ ಮೇಲೆ!

ಡೇಟಾಗೆ ಬೇಕಿರೋದು ವರ್ಷನ್. ವಿಂಡೋಸ್‌ನ ಫೈಲ್ ಹಿಸ್ಟರಿ ಗಂಟೆಗೊಮ್ಮೆ ಬದಲಾದ ಫೈಲ್‌ಗಳನ್ನ ಹುಡುಕಿ ಹೊಸ ಕಾಪಿ ಇಡುತ್ತೆ, ಹಳೆಯದನ್ನ ಅಳಿಸಲ್ಲ. ಆದ್ರೆ ಡಿ ಡ್ರೈವಿನ ಫೋಲ್ಡರ್‌ಗಳನ್ನ ತಾನಾಗೇ ತಗೊಳ್ಳಲ್ಲ, ನೀವೇ ಲೈಬ್ರರಿಗೆ ಸೇರಿಸಬೇಕು. ಆ ಮೂರನೇ ಡ್ರೈವಿಗೆ ಈಗ ಇದೇ ಕೆಲಸ. ಲಿನಕ್ಸ್‌ನವರಿಗೆ ಸಿಸ್ಟಂಗೆ ಟೈಮ್‌ಶಿಫ್ಟ್ ಇದೆ. ಅದು ಹೋಮ್ ಫೋಲ್ಡರನ್ನ ಡೀಫಾಲ್ಟ್ ಆಗಿ ಬಿಟ್ಟುಬಿಡುತ್ತೆ ಅನ್ನೋದು ನೆನಪಿರ್ಲಿ. ಹೋಮ್‌ಗೆ ಬೋರ್ಗ್ ಅಥವಾ ರೆಸ್ಟಿಕ್ ಹಾಕ್ಕೊಳ್ಳಿ.

ಒಂದು ಕಾಪಿ ಹೊರಗೆ

3-2-1 ಅಂತ ಒಂದು ನಿಯಮ ಇದೆ: ಮೂರು ಕಾಪಿ, ಎರಡು ಬೇರೆ ಬೇರೆ ಥರದ ಸ್ಟೋರೇಜ್, ಒಂದು ಬೇರೆ ಜಾಗದಲ್ಲಿ. ನಾವು ದುಡ್ಡು ಕೂಡಿಸಿ 2 ಟಿಬಿ ಎಕ್ಸ್‌ಟರ್ನಲ್ ತಗೊಂಡ್ವಿ. ಭಾನುವಾರ ಕಾಪಿ ಮಾಡಿದ ತಕ್ಷಣ ಅದನ್ನ ಕಿತ್ತು ಹಾಸ್ಟೆಲ್‌ಗೆ ಒಯ್ಯುತ್ತೀವಿ. ಸದಾ ಸಿಕ್ಕಿಸಿಟ್ರೆ ಅದೂ ನಾಲ್ಕನೇ ಡ್ರೈವ್ ಅಷ್ಟೇ.

ವಾಪಸ್ ಬರುತ್ತಾ ನೋಡಿ

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡಿಲೀಟ್ ಕಮಾಂಡ್ ಕೊಟ್ರು. ನಿಲ್ಲಿಸೋ ಹೊತ್ತಿಗೆ ಸುಮಾರು 300 ಜಿಬಿ ಡೇಟಾ ಹೋಗಿತ್ತು. ಬ್ಯಾಕಪ್‌ಗೆ ಅಂತ ಹಲವು ವ್ಯವಸ್ಥೆ ಇದ್ವು, ಬೇಕಾದಾಗ ಅವು ಕೈಕೊಟ್ಟವು. ಕೊನೆಗೆ ಉಳಿಸಿದ್ದು ಆರು ಗಂಟೆ ಹಿಂದೆ ಯಾವುದೋ ಕೆಲಸಕ್ಕೆ ಕೈಯಾರೆ ತೆಗೆದಿಟ್ಟ ಒಂದು ಕಾಪಿ. ಇದನ್ನೆಲ್ಲ ಅವರೇ ಮುಚ್ಚಿಡದೆ ಬರೆದಿದ್ದಾರೆ.

ಅಂಥವರಿಗೇ ಹಾಗಾದ್ರೆ ನಮ್ಮ ಪಾಡೇನು? ಅದಕ್ಕೇ ಈಗ ತಿಂಗಳಿಗೊಮ್ಮೆ ಒಂದು ಫೈಲನ್ನ ಬ್ಯಾಕಪ್‌ನಿಂದ ತೆಗೆದು ಓಪನ್ ಮಾಡಿ ನೋಡ್ತೀವಿ. ಸೆಮಿಸ್ಟರ್‌ಗೊಮ್ಮೆ ಇಮೇಜನ್ನ ಒಂದು ಹಳೇ ಎಸ್‌ಎಸ್‌ಡಿಗೆ ಹಾಕಿ ಬೂಟ್ ಮಾಡ್ತೀವಿ. ಆ ಎಸ್‌ಎಸ್‌ಡಿ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಮೊದಲ ಸಲ ನಮಗೆ ಅದು ಬೂಟ್ ಆಗ್ಲಿಲ್ಲ, ಇಎಫ್‌ಐ ವಿಷಯ ಗೊತ್ತಾಗಿದ್ದೇ ಹಾಗೆ.

ಇನ್ನು ಆ ನಾಟಕ. ಸೀನಿಯರ್‌ಗಳಿಗೆ ಫೋನ್ ಮಾಡಿ ಹೇಳಿದಾಗ ಯಾರೂ ಬೈಯಲಿಲ್ಲ, ಅದೇ ಜಾಸ್ತಿ ಬೇಜಾರಾಯ್ತು. ವಾಟ್ಸಾಪ್‌ನಲ್ಲಿ ಉಳಿದಿದ್ದ ನಾಲ್ಕು ಕ್ಲಿಪ್ ಕಳಿಸಿದ್ರು. ಡೈಲಾಗ್ ಕೇಳಿಸುತ್ತೆ, ಮುಖ ಮಸುಕು. ಕೊನೇ ದೃಶ್ಯ ಯಾರ ಹತ್ರಾನೂ ಇಲ್ಲ. ಅವತ್ತು ಆಡಿಟೋರಿಯಂನಲ್ಲಿ ಕೂತು ನೀವೇನಾದ್ರೂ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರೆ, ಸಂಜೆ ಐದರ ಮೇಲೆ ಸಂಘದ ರೂಮಿಗೆ ಬನ್ನಿ. ಕಾಪಿ ಮಾಡ್ಕೊಂಡು ಅಲ್ಲೇ ವಾಪಸ್ ಕೊಡ್ತೀವಿ. ನಿಮ್ಮ ಫೋನಿಂದ ಡಿಲೀಟ್ ಮಾತ್ರ ಮಾಡ್ಬೇಡಿ.