ಆರು ಹಗಲು, ಆರು ರಾತ್ರಿ ಸೈಕಲ್ ಮೇಲೆ

ಆವನಿ, ಮುಳಬಾಗಿಲು ಕಡೆಯ ಹಳ್ಳಿಗಳಿಗೆ ಹಿಂದೆ ಸೈಕಲ್ ಆಟದವರು ಬರುತ್ತಿದ್ದರು. ಬಯಲಲ್ಲಿ ಕಂಬ ನೆಟ್ಟು, ಮೈಕು ಕಟ್ಟಿ, ಒಬ್ಬಾತ ಮೂರು ದಿನವೋ ಏಳು ದಿನವೋ ನೆಲಕ್ಕೆ ಕಾಲಿಡದೆ ಸುತ್ತುತ್ತಿದ್ದ. ಊಟ, ಸ್ನಾನ ಎಲ್ಲವೂ ಸೈಕಲ್ ಮೇಲೆಯೇ. ಜನರು ಅವನ ಅಂಗಿಗೆ ನೋಟು ಸಿಕ್ಕಿಸುತ್ತಿದ್ದರು. ಅದನ್ನು ಕಂಡವರಿಗೆ ಪಾಶ್ಚಾತ್ಯರ 'ಆರು ದಿನದ ಸೈಕಲ್ ಪಂದ್ಯ'ದ ಕಥೆ ಅಪರಿಚಿತವೆನಿಸದು.

1878ರಲ್ಲಿ ಡೇವಿಡ್ ಸ್ಟಾಂಟನ್ ಎಂಬಾತ ಲಂಡನ್ನಿನ ಇಸ್ಲಿಂಗ್ಟನ್ ಸಭಾಂಗಣದೊಳಗೆ ಆರು ದಿನಗಳಲ್ಲಿ 1000 ಮೈಲಿ ಸೈಕಲ್ ತುಳಿಯುವುದಾಗಿ ಬಾಜಿ ಕಟ್ಟಿ ಗೆದ್ದ. ಏಳಕ್ಕೆ ಬದಲು ಆರು ಏಕೆ? ಭಾನುವಾರ ಕ್ರೈಸ್ತರಿಗೆ ವಿಶ್ರಾಂತಿಯ ದಿನ. 1891ರಲ್ಲಿ ಈ ಪಂದ್ಯ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬಂತು. ಅಲ್ಲಿ ಹಗಲು ರಾತ್ರಿಯೆನ್ನದೆ ಒಬ್ಬನೇ ತುಳಿಯಬೇಕು. ನಿದ್ದೆಗೆಟ್ಟವರು ಇಲ್ಲದ್ದನ್ನು ಕಂಡಂತೆ ಕೂಗುತ್ತಿದ್ದರು, ಉರುಳಿ ಬೀಳುತ್ತಿದ್ದರು. ಸಹಾಯಕರು ಎತ್ತಿ ಮತ್ತೆ ಸೈಕಲ್ ಹತ್ತಿಸುತ್ತಿದ್ದರು. ಪ್ರೇಕ್ಷಕರು ಹಣ ಕೊಟ್ಟು ನೋಡುತ್ತಿದ್ದುದು ಇದನ್ನೇ! 1897ರಲ್ಲಿ ಚಾರ್ಲ್ಸ್ ಮಿಲ್ಲರ್ 2093 ಮೈಲಿ ಕ್ರಮಿಸಿದ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಅರ್ಧ ದಾರಿ ಹಿಂದಿರುಗಿದಷ್ಟು ದೂರ.

ಕಾಬಾಕ್ಕೆ ನಡೆದೇ ಹೋಗುವ ಹರಕೆ ಹೊತ್ತು, ಮಕ್ಕಳಿಬ್ಬರ ಹೆಗಲಿನ ಆಸರೆಯಲ್ಲಿ ಕಾಲೆಳೆಯುತ್ತಿದ್ದ ವೃದ್ಧನನ್ನು ಪ್ರವಾದಿ(ಸ) ಕಂಡ ಘಟನೆ ಓದುಗ ಸಹೋದರಿಯರಿಗೆ ತಿಳಿದಿರಬಹುದು. ಹೀಗೆ ತನ್ನನ್ನು ತಾನೇ ಹಿಂಸಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಿಲ್ಲವೆಂದು, ವಾಹನವೇರಿ ಹೋಗುವಂತೆ ಅವರು ಆಜ್ಞಾಪಿಸಿದರು. ಆರಾಧನೆಯಲ್ಲೇ ಸಲ್ಲದ್ದು ಮನರಂಜನೆಯಲ್ಲಿ ಸಂದೀತೆ? ಆದರೆ ಆಟವನ್ನೇ ಇಸ್ಲಾಮ್ ಬೇಡವೆನ್ನುವುದಿಲ್ಲ. ಪ್ರವಾದಿ(ಸ) ಕುದುರೆ ಓಟದ ಪಂದ್ಯ ನಡೆಸಿದ್ದರು, ಹ. ಆಇಶಾ(ರ)ರೊಂದಿಗೆ ಸ್ವತಃ ಓಡಿದ್ದರು.

ಕೊನೆಗೆ ನ್ಯೂಯಾರ್ಕಿನ ಕಾನೂನು ಅಡ್ಡ ಬಂತು. ಒಬ್ಬ ಸ್ಪರ್ಧಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ತುಳಿಯಬಾರದು. ಸಂಘಟಕರೇನು ಸುಮ್ಮನಿರುವವರೇ? 1899ರಿಂದ ಇಬ್ಬರ ಜೋಡಿ ಮಾಡಿದರು. ಒಬ್ಬ ದಣಿದಾಗ ಇನ್ನೊಬ್ಬ. ಟಿಕೆಟ್ ಮಾರಾಟ 24 ಗಂಟೆಯೂ ನಡೆಯಿತು! ಈ ಜೋಡಿ ಪಂದ್ಯಕ್ಕೆ ಆ ಕಟ್ಟಡದಿಂದಲೇ 'ಮ್ಯಾಡಿಸನ್' ಎಂಬ ಹೆಸರು ಬಂತು.

ಮಹಿಳೆಯರಿಗೂ ಆರು ದಿನದ ಪಂದ್ಯಗಳಿದ್ದವು, ದಿನಕ್ಕೆ ಕೆಲವೇ ಗಂಟೆ. ಅವರಲ್ಲಿ ಟಿಲ್ಲಿ ಆಂಡರ್ಸನ್ ಪ್ರಸಿದ್ಧಳು. 1891ರಲ್ಲಿ ಸ್ವೀಡನ್ನಿನಿಂದ ಅಮೆರಿಕಕ್ಕೆ ವಲಸೆ ಬಂದು, ಷಿಕಾಗೋದಲ್ಲಿ ಬಟ್ಟೆ ಹೊಲಿದು ಕೂಡಿಸಿದ ಹಣದಲ್ಲಿ ಸೈಕಲ್ ಕೊಂಡ ಹುಡುಗಿ. ಸೈಕಲ್ ತುಳಿದರೆ ಹೆಣ್ಣಿನ ದೇಹ ಕೆಡುತ್ತದೆಂದು ವೈದ್ಯರೇ ಹೆದರಿಸುತ್ತಿದ್ದ ಕಾಲವದು. ನಗಬೇಡಿ, ನಮ್ಮಲ್ಲೂ ಅಂತಹ ಮಾತಿತ್ತು. 2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲಷ್ಟೇ ಹಳ್ಳಿಯ ರಸ್ತೆಗಳಲ್ಲಿ ಹುಡುಗಿಯರ ಸೈಕಲ್ ಸಾಲು ಸಾಮಾನ್ಯವಾಯಿತು. 1902ರಲ್ಲಿ ಮಹಿಳೆಯರ ಪಂದ್ಯಗಳಿಗೆ ನಿಷೇಧ ಬಿದ್ದಾಗ ಟಿಲ್ಲಿಯ ಓಟವೂ ನಿಂತಿತು.

ಮ್ಯಾಡಿಸನ್ 2000ದಲ್ಲಿ ಒಲಿಂಪಿಕ್ಸ್ ಸೇರಿತು, ಪುರುಷರಿಗೆ ಮಾತ್ರ. ಮಹಿಳೆಯರ ಸರದಿ ಬಂದದ್ದು 2021ರ ಟೋಕಿಯೋ ಕೂಟದಲ್ಲಿ. ಬ್ರಿಟನ್ನಿನ ಕೇಟಿ ಆರ್ಚಿಬಾಲ್ಡ್ ಮತ್ತು ಲಾರಾ ಕೆನ್ನಿ ಚಿನ್ನ ಗೆದ್ದರು. ಈಗ ಆರು ದಿನವಿಲ್ಲ, 30 ಕಿಲೋಮೀಟರ್, 120 ಸುತ್ತು. ದಣಿದವಳು ಜೊತೆಗಾತಿಯ ಕೈ ಹಿಡಿದು ಮುಂದಕ್ಕೆ ಬೀಸಿ ಕಳುಹಿಸುತ್ತಾಳೆ, ತಾನು ಮೇಲಂಚಿಗೆ ಸರಿದು ನಿಧಾನವಾಗಿ ಸುತ್ತುತ್ತ ಉಸಿರು ತಿರುಗಿಸಿಕೊಳ್ಳುತ್ತಾಳೆ.