ಯಂತ್ರಗಳ ಯೋಗಕ್ಷೇಮ

ಕಳೆದ ಮಾಘಮಾಸದ ಒಂದು ಸಾಯಂಕಾಲ, ಹಿಂದೆ ನನ್ನಲ್ಲಿ ಓದಿದ ಶಿಷ್ಯನೊಬ್ಬನು ಮನೆಗೆ ಬಂದು ನಮಸ್ಕರಿಸಿ ಜಗುಲಿಯ ಮೇಲೆ ಕುಳಿತುಕೊಂಡನು. ಆತನು ತುಮಕೂರು ಸೀಮೆಯ ರೈತನ ಮಗ. ಇಂಜಿನಿಯರಿಂಗ್ ವಿದ್ಯೆಯನ್ನು ಮುಗಿಸಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ಕುಶಲಪ್ರಶ್ನೆಗಳಾದ ಬಳಿಕ ಸಂಕೋಚದಿಂದ, "ಮೇಷ್ಟ್ರೇ, ಕೆಲಸವನ್ನು ಬಿಟ್ಟು ಸ್ವಂತ ವ್ಯಾಪಾರವನ್ನು ಹೂಡಬೇಕೆಂದಿದ್ದೇನೆ. ಬಂಡವಾಳಕ್ಕಾಗಿ ತೋಟವನ್ನು ಬ್ಯಾಂಕಿಗೆ ಆಧಾರ ಮಾಡಬೇಕು. ನಮ್ಮ ತಂದೆಯವರು, ನಿಮ್ಮ ಮೇಷ್ಟ್ರನ್ನು ಒಂದು ಮಾತು ಕೇಳಿ ಬಾ, ಅವರು ಆಗಬಹುದೆಂದರೆ ರುಜು ಹಾಕುತ್ತೇನೆ ಎಂದಿದ್ದಾರೆ" ಎಂದನು. ವ್ಯಾಪಾರವಾವುದೆಂದು ವಿಚಾರಿಸಲಾಗಿ, "ಇಂಟರ್ನೆಟ್ ಆಫ್ ಥಿಂಗ್ಸ್" ಎಂದು ಉತ್ತರ ಬಂದಿತು.

ನಾನಾದರೋ ಸಂಸ್ಕೃತವನ್ನೋದಿ, ಮೂವತ್ತು ವರ್ಷಗಳಿಗೆ ಮಿಕ್ಕು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನು. ಆದರೂ ಒಂದು ಸಂಸಾರದ ತೋಟವು ನನ್ನ ಮಾತನ್ನು ಕಾದು ನಿಂತಿರುವಾಗ, ತಿಳಿಯದೆಂದು ಸುಮ್ಮನಾಗುವುದು ತರವಲ್ಲವೆಂದು ತೋರಿತು. ಎರಡು ವಾರಗಳ ಅವಧಿಯನ್ನು ಬೇಡಿಕೊಂಡು, ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ. ಈ ಬಗೆಯ ಯಂತ್ರಗಳು ಈಗ ಎಲ್ಲರ ಮನೆಯ ಬಾಗಿಲಿಗೂ ಬರುತ್ತಿರುವುದರಿಂದ, ಈ ವಿಚಾರವು ವ್ಯಾಪಾರಿಗಳಿಗೆ ಮಾತ್ರ ಸಂಬಂಧಪಟ್ಟುದಲ್ಲ.

ಇಂಟರ್ನೆಟ್ ಆಫ್ ಥಿಂಗ್ಸ್ ಎಂದರೆ ವಸ್ತುಗಳ ಅಂತರ್ಜಾಲ. ಮನುಷ್ಯರು ಪರಸ್ಪರ ಸಮಾಚಾರವನ್ನು ಕಳುಹಿಸುವ ಜಾಲದಲ್ಲಿಯೇ ಜಡವಸ್ತುಗಳೂ ತಮ್ಮ ಸ್ಥಿತಿಯನ್ನು ತಾವೇ ತಿಳಿಸುವಂತೆ ಮಾಡುವ ಏರ್ಪಾಡು. ಅಮೆರಿಕಾ ದೇಶದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ೧೯೮೨ರ ಸುಮಾರಿಗೆ ಕೆಲವರು ಪಾನೀಯ ಮಾರುವ ಯಂತ್ರವೊಂದನ್ನು ಕಂಪ್ಯೂಟರಿಗೆ ಜೋಡಿಸಿ, ಸೀಸೆಗಳು ಉಂಟೇ ಇಲ್ಲವೇ, ತಣ್ಣಗಾಗಿವೆಯೇ ಎಂಬುದನ್ನು ಕುಳಿತಲ್ಲಿಯೇ ತಿಳಿಯುವಂತೆ ಮಾಡಿದ್ದರಂತೆ. ಅಷ್ಟು ದೂರ ನಡೆದುಹೋಗಿ ಬರಿಗೈಯಲ್ಲಿ ಹಿಂದಿರುಗುವ ಬೇಸರವೇ ಇದಕ್ಕೆ ಮೂಲವು! ಆದರೆ ಈ ಹೆಸರನ್ನಿಟ್ಟವನು ಕೆವಿನ್ ಆಷ್ಟನ್ ಎಂಬ ಆಂಗ್ಲೇಯನು. ೧೯೯೯ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯಲ್ಲಿದ್ದ ಈತನು, ಅಂಗಡಿಯ ಸಾಮಾನುಗಳಿಗೆ ರೇಡಿಯೋ ಚೀಟಿಗಳನ್ನು ಅಂಟಿಸಿದರೆ ದಾಸ್ತಾನಿನ ಲೆಕ್ಕವು ತಾನಾಗಿಯೇ ತಿಳಿಯುವುದೆಂದು ಮೇಲಧಿಕಾರಿಗಳಿಗೆ ವಿವರಿಸುವಾಗ ಈ ಪದವನ್ನು ಬಳಸಿದನು. ಅಂತಹುದೇ ರೇಡಿಯೋ ಚೀಟಿಯು ಇಂದು ಫಾಸ್ಟ್ಯಾಗ್ ಎಂಬ ಹೆಸರಿನಿಂದ ನಮ್ಮ ಕಾರುಗಳ ಗಾಜಿನ ಮೇಲೆ ಕುಳಿತಿರುವುದು. ೨೦೨೧ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಸುಂಕದಕಟ್ಟೆಗಳಲ್ಲಿ ಅದು ಕಡ್ಡಾಯವಾಗಿದೆ.

ಇದರ ರಚನೆಯನ್ನು ನಮ್ಮ ಶಾಸ್ತ್ರದ ಪರಿಭಾಷೆಯಿಂದಲೇ ಸುಲಭವಾಗಿ ತಿಳಿಯಬಹುದು. ಶಾಖ, ತೇವ, ಒತ್ತಡ ಮೊದಲಾದುವನ್ನು ಗ್ರಹಿಸುವ ಸೆನ್ಸರ್ ಎಂಬುದು ಜ್ಞಾನೇಂದ್ರಿಯವು. ಆ ಜ್ಞಾನವನ್ನು ಒಯ್ಯುವ ಮೊಬೈಲ್ ಅಥವಾ ವೈಫೈ ಸಂಪರ್ಕವು ನಾಡಿಯು. ದೂರದಲ್ಲಿದ್ದು ಎಲ್ಲವನ್ನೂ ವಿಚಾರಿಸಿ ನಿಶ್ಚಯಿಸುವ ಸರ್ವರು ಬುದ್ಧಿಯು. ಆಜ್ಞೆಯಂತೆ ನಲ್ಲಿಯನ್ನು ತಿರುಗಿಸುವ, ಮೋಟಾರನ್ನು ನಿಲ್ಲಿಸುವ ಭಾಗವು ಕರ್ಮೇಂದ್ರಿಯವು. ಈ ನಾಲ್ಕರಲ್ಲಿ ಒಂದು ಕೆಟ್ಟರೂ ಉಳಿದ ಮೂರು ನಿಷ್ಪ್ರಯೋಜಕವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ತೊಡಕುಗಳೆಲ್ಲ ಇದರಿಂದಲೇ ಹುಟ್ಟುವುವು.

ಈಗ ಲಾಭದ ಪಕ್ಷವನ್ನು ನೋಡೋಣ. ನನ್ನ ಶಿಷ್ಯನು ಮಾಡಬೇಕೆಂದಿದ್ದುದು ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರು. ನಮ್ಮ ಬಯಲುಸೀಮೆಯಲ್ಲಿ ಬೋರ್‌ವೆಲ್ ಇರುವ ರೈತನ ಕಷ್ಟವನ್ನು ಬಲ್ಲವರೇ ಬಲ್ಲರು. ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆಗಳ ಕಾಲ, ಅದೂ ಸರದಿಯಂತೆ ಎಷ್ಟೋ ಸಲ ಅಪರಾತ್ರಿಯಲ್ಲಿ ಬರುವುದು. ಆಗ ಬ್ಯಾಟರಿಯನ್ನು ಹಿಡಿದು, ಹಾವು ಚೇಳುಗಳಿಗೆ ಅಂಜುತ್ತ, ಬೆಟ್ಟದ ಮಗ್ಗುಲಿನ ಊರಾದರೆ ಕರಡಿ ಚಿರತೆಗಳಿಗೂ ಅಂಜುತ್ತ, ಹೊಲಕ್ಕೆ ಹೋಗಿ ಮೋಟಾರನ್ನು ಹಾಕಿ ಬರಬೇಕು. ಹೋಗುವಷ್ಟರಲ್ಲಿ ಕರೆಂಟು ಹೋದರೆ ಮತ್ತೆ ಕಾಯಬೇಕು. ಮನೆಯಲ್ಲಿ ಹೆಂಡತಿಯೂ ತಾಯಿಯೂ ಆತನು ಹಿಂದಿರುಗುವವರೆಗೆ ಕಣ್ಣುಮುಚ್ಚುವಂತಿಲ್ಲ.

ಮೊಬೈಲ್ ಸ್ಟಾರ್ಟರಿನೊಳಗೆ ಒಂದು ಸಿಮ್ ಇರುವುದು. ರೈತನು ಹಾಸಿಗೆಯ ಮೇಲಿಂದಲೇ ಫೋನಿನ ಮೂಲಕ ಆಜ್ಞಾಪಿಸಿದರೆ, ಅದು ಮೂರು ಫೇಸುಗಳೂ ಸರಿಯಾಗಿವೆಯೇ ಎಂದು ಪರೀಕ್ಷಿಸಿ ಮೋಟಾರನ್ನು ನಡೆಸುವುದು. ಒಂದು ಫೇಸು ತಪ್ಪಿದರೆ ಒಳಗಿನ ತಂತಿಸುತ್ತು ಕಾದು ಸುಟ್ಟುಹೋಗುವ ಮೊದಲೇ ನಿಲ್ಲಿಸುವುದು. ಕೊಳವೆಯಲ್ಲಿ ನೀರು ಇಂಗಿದರೆ ಮೋಟಾರು ಎಳೆದುಕೊಳ್ಳುವ ವಿದ್ಯುತ್ತು ಇಳಿಯುವುದಷ್ಟೆ. ಆ ಚಿಹ್ನೆಯಿಂದಲೇ ನೀರಿಲ್ಲವೆಂದು ಊಹಿಸಿ ನಿಲ್ಲಿಸುವುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕನ ಅನುಮಾನಪ್ರಮಾಣವೇ ಇದು. ನೂರಾರು ಅಡಿಗಳ ಆಳದಿಂದ ಸುಟ್ಟ ಮೋಟಾರನ್ನು ಎತ್ತಿಸಿ ಸುತ್ತಿಸುವ ಖರ್ಚನ್ನು ಒಮ್ಮೆ ತೆತ್ತವನಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಇತರ ಕ್ಷೇತ್ರಗಳಲ್ಲಿಯೂ ಅವಕಾಶಗಳುಂಟು. ಮನೆಮನೆಗೆ ಸ್ಮಾರ್ಟ್ ಮೀಟರುಗಳನ್ನು ಹಾಕಲು ಭಾರತ ಸರ್ಕಾರವು ೨೦೨೧ರಲ್ಲಿ ಯೋಜನೆಯೊಂದನ್ನು ಆರಂಭಿಸಿ, ೨೫ ಕೋಟಿ ಮೀಟರುಗಳ ಗುರಿಯನ್ನಿಟ್ಟುಕೊಂಡಿತು. ೨೦೧೧ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸ್ಟೆಲ್ಲಾಪ್ಸ್ ಕಂಪೆನಿಯು ಹಾಲಿನ ಡೈರಿಗಳಿಗೆ ಇಂತಹ ಉಪಕರಣಗಳನ್ನು ಒದಗಿಸುತ್ತ ಬಂದಿದೆ. ಯಂತ್ರಗಳಲ್ಲಿಡುವ ಸಿಮ್‌ಗಳ ಸಂಖ್ಯೆ ಬೆಳೆಯುವುದನ್ನು ಕಂಡು, ನಮ್ಮ ದೂರಸಂಪರ್ಕ ಇಲಾಖೆಯವರು ೨೦೧೮ರಲ್ಲಿ ಅವುಗಳಿಗಾಗಿ ೧೩ ಅಂಕಿಗಳ ಬೇರೊಂದು ಕ್ರಮವನ್ನೇ ಏರ್ಪಡಿಸಿದರು. ಆದಕಾರಣ ಯುವಕನ ಉತ್ಸಾಹವು ನಿರಾಧಾರವಾದುದೆಂದು ಹೇಳುವಂತಿರಲಿಲ್ಲ.

ಆದರೆ ಆತನು ತಂದ ಲೆಕ್ಕದ ಪುಸ್ತಕವನ್ನು ನೋಡಿದಾಗ ನನಗೆ ಒಂದು ಕೊರತೆಯು ಕಂಡಿತು. ಯೋಗಕ್ಷೇಮ ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ಆತನ ಲೆಕ್ಕದಲ್ಲಿ ಯೋಗವಿದ್ದಿತು, ಕ್ಷೇಮವಿರಲಿಲ್ಲ. ಸ್ಟಾರ್ಟರನ್ನು ಮಾರುವವರೆಗಿನ ಖರ್ಚನ್ನೆಲ್ಲ ಬರೆದಿದ್ದನು. ಮಾರಿದ ಮರುದಿನದಿಂದ ಆಗುವುದನ್ನು ಬರೆದಿರಲಿಲ್ಲ.

ಇಬ್ಬರೂ ಕುಳಿತು ಗುಣಿಸಿದೆವು. ಒಂದು ಸ್ಟಾರ್ಟರಿಗೆ ೫,೦೦೦ ರೂಪಾಯಿ ಬೆಲೆಯೆಂದು ಇಟ್ಟುಕೊಳ್ಳೋಣ. ಬಿಡಿಭಾಗ, ಪೆಟ್ಟಿಗೆ, ಸಾಗಣೆ, ಅಂಗಡಿಯವನ ಕಮಿಷನ್ ಎಲ್ಲ ಸೇರಿ ೩,೨೦೦ ಹೋದರೆ ೧,೮೦೦ ಉಳಿಯುವುದು. ಸಿಮ್ಮಿಗೂ ಸರ್ವರಿಗೂ ವರ್ಷಕ್ಕೆ ೪೦೦. ರಿಪೇರಿಗಾಗಿ ಎರಡು ಸಲ ಹೋಗಿಬರಲು ಸಲಕ್ಕೆ ೩೦೦ರಂತೆ ೬೦೦. ಕೂಡಿದರೆ ವರ್ಷಕ್ಕೆ ಒಂದು ಸಾವಿರ. ಮೊದಲನೆಯ ವರ್ಷದ ಕೊನೆಗೆ ೮೦೦ ಉಳಿದೀತು. ಎರಡನೆಯ ವರ್ಷದ ಕೊನೆಗೆ ೨೦೦ ಕೈಬಿಡುವುದು. ಮೂರನೆಯ ವರ್ಷಕ್ಕೆ ೧,೨೦೦ ನಷ್ಟ. ಇಂತಹ ೫೦೦ ಸ್ಟಾರ್ಟರುಗಳನ್ನು ಮಾರಿದ್ದರೆ ಆರು ಲಕ್ಷ ರೂಪಾಯಿ! ಹೆಚ್ಚು ಮಾರಿದಷ್ಟೂ ಹೆಚ್ಚು ಸಾಲವಾಗುವ ಈ ವಿಚಿತ್ರವನ್ನು ಕಂಡು ಹುಡುಗನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, "ವರ್ಷ ವರ್ಷ ಹಣ ಕೊಡಿ ಎಂದರೆ ರೈತರು ಒಪ್ಪುವುದಿಲ್ಲ, ಮೇಷ್ಟ್ರೇ. ಕೊಂಡ ಸಾಮಾನಿಗೆ ಮತ್ತೇಕೆ ಕೊಡಬೇಕು ಎನ್ನುತ್ತಾರೆ" ಎಂದನು. ಈ ವ್ಯಾಪಾರದ ಮರ್ಮವೆಲ್ಲವೂ ಆ ಒಂದು ಮಾತಿನಲ್ಲಿದೆ. ಮಾರುವವನು ಮಾರುವುದು ಪೆಟ್ಟಿಗೆಯನ್ನು; ಕೊಳ್ಳುವವನಿಗೆ ಬೇಕಾದುದು ಹತ್ತು ವರ್ಷಗಳ ನಿದ್ದೆಯನ್ನು.

ರಿಪೇರಿಗೆ ಅಷ್ಟು ಸಲ ಏಕೆ ಹೋಗಬೇಕೆಂದು ಕೇಳುವಿರಾ? ಹೊಲದ ಪೆಟ್ಟಿಗೆಯೊಳಗೆ ಬೇಸಗೆಯ ಕಾವು, ಮಳೆಗಾಲದ ತೇವ, ಇಲಿ, ಇರುವೆ, ಹಲ್ಲಿ. ಗುಡುಗು ಸಿಡಿಲಿನ ದಿನ ಸೂಕ್ಷ್ಮವಾದ ಭಾಗಗಳು ಬೆಂದುಹೋಗುವುವು. ವೋಲ್ಟೇಜು ಏರಿ ಇಳಿಯುವುದು ನಿತ್ಯದ ಮಾತು. ಇದರ ಮೇಲೆ ಸಿಗ್ನಲ್ಲು ಸಿಕ್ಕದ ತಗ್ಗುಗಳು. ರೀಚಾರ್ಜು ಮಾಡಿಸಲು ಮರೆತ ಸಿಮ್‌ಗಳು. ಯಾವುದು ಕೆಟ್ಟರೂ ರೈತನಿಗೆ ತೋರುವುದು ಒಂದೇ: ಸ್ಟಾರ್ಟರು ಕೆಟ್ಟಿತು.

ಇನ್ನು ದೂರದ ಅಪಾಯಗಳು. ೨೦೧೬ರ ಅಕ್ಟೋಬರ್ ೨೧ರಂದು ಅಮೆರಿಕಾದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ದೊಡ್ಡ ತಾಣಗಳು ಗಂಟೆಗಟ್ಟಲೆ ಜನರಿಗೆ ದೊರೆಯದೆ ಹೋದುವು. ಕಾರಣವೇನೆಂದರೆ, ಮಿರಾಯ್ ಎಂಬ ದುಷ್ಟ ಪ್ರೋಗ್ರಾಮೊಂದು ಮನೆಗಳ ಕ್ಯಾಮೆರಾಗಳನ್ನೂ ರೌಟರುಗಳನ್ನೂ ವಶಪಡಿಸಿಕೊಂಡು, ಅವೆಲ್ಲವೂ ಏಕಕಾಲದಲ್ಲಿ ಡೈನ್ ಎಂಬ ಕಂಪೆನಿಯ ಮೇಲೆ ಬೀಳುವಂತೆ ಮಾಡಿತ್ತು. ಇದಕ್ಕೆ ಮಹಾವಿದ್ಯೆಯೇನೂ ಬೇಕಾಗಿರಲಿಲ್ಲ. ಕಾರ್ಖಾನೆಯವರು ಹಾಕಿಕೊಟ್ಟ ಪಾಸ್‌ವರ್ಡನ್ನು ಜನರು ಬದಲಾಯಿಸಿರಲಿಲ್ಲ, ಅಷ್ಟೆ. ಅಂತಹ ಸುಮಾರು ಅರವತ್ತು ಹೆಸರು-ಪಾಸ್‌ವರ್ಡುಗಳ ಪಟ್ಟಿಯೇ ಆ ಕಳ್ಳನ ಬೀಗದಕೈ ಗೊಂಚಲಾಗಿತ್ತು.

ಅದೇ ವರ್ಷದ ಮೇ ತಿಂಗಳಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ರಿವಾಲ್ವ್ ಎಂಬ ಹೆಸರಿನ, ಮನೆಯ ದೀಪ ಬಾಗಿಲುಗಳನ್ನು ನಿಯಂತ್ರಿಸುವ ಉಪಕರಣವನ್ನು ಜನರು ಸುಮಾರು ೩೦೦ ಡಾಲರುಗಳಿಗೆ ಕೊಂಡಿದ್ದರು. ಆ ಕಂಪೆನಿಯನ್ನು ಕೊಂಡಿದ್ದ ನೆಸ್ಟ್ ಸಂಸ್ಥೆಯವರು ಸರ್ವರನ್ನು ನಿಲ್ಲಿಸಿಬಿಟ್ಟರು. ಉಪಕರಣಕ್ಕೆ ಯಾವ ಗಾಯವೂ ಇಲ್ಲದಿದ್ದರೂ ಬುದ್ಧಿಯು ಹೊರಟುಹೋದುದರಿಂದ ದೇಹವು ಬಿದ್ದಿತು. ೨೦೨೨ರಲ್ಲಿ ಅಲ್ಲಿಯ ಕಂಪೆನಿಗಳು ೩ಜಿ ಸೇವೆಯನ್ನು ನಿಲ್ಲಿಸಿದಾಗ, ಅದನ್ನೇ ನಂಬಿದ್ದ ಹಳೆಯ ಕಾರುಗಳ, ಕಳ್ಳಗಂಟೆಗಳ ಸಂಪರ್ಕವೂ ಹೀಗೆಯೇ ಕಡಿಯಿತು. ಮೋಟಾರು ಹದಿನೈದು ವರ್ಷ ಬಾಳಬಹುದು. ಅದರ ನಾಡಿಯು ಅಷ್ಟು ವರ್ಷ ಬಾಳುವುದೆಂಬ ಭರವಸೆಯಿಲ್ಲ.

ಕೊನೆಯದಾಗಿ ಒಂದು ನೈತಿಕವಾದ ತೊಡಕು. ಕರೆಂಟು ಬಂದೊಡನೆ ತಾನಾಗಿಯೇ ಹೊರಡುವ ಸ್ಟಾರ್ಟರುಗಳು ಒಂದೂರಿನಲ್ಲಿ ಹೆಚ್ಚಾದರೆ, ಎಲ್ಲ ಮೋಟಾರುಗಳೂ ಒಂದೇ ಕ್ಷಣದಲ್ಲಿ ಎದ್ದು ಟ್ರಾನ್ಸ್‌ಫಾರ್ಮರಿಗೆ ಪೆಟ್ಟಾಗುವುದು; ನೆಲದೊಳಗಿನ ನೀರೂ ಬೇಗ ಬರಿದಾಗುವುದು. ಒಬ್ಬನ ಅನುಕೂಲವು ಊರಿನ ಅನನುಕೂಲವಾಗದಂತೆ, ಒಂದೊಂದು ಮೋಟಾರು ಕೆಲವು ನಿಮಿಷಗಳ ಅಂತರದಲ್ಲಿ ಹೊರಡುವಂತೆಯೂ ಮಣ್ಣಿನಲ್ಲಿ ತೇವವು ಸಾಕಾದಾಗ ನಿಲ್ಲುವಂತೆಯೂ ಮಾಡುವುದು ತಯಾರಿಸುವವನ ಧರ್ಮ.

ಗೃಹಸ್ಥರೂ ಗೃಹಿಣಿಯರೂ ಇಂತಹ ಯಾವ ಉಪಕರಣವನ್ನು ಕೊಳ್ಳುವಾಗಲೂ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಸಂಪರ್ಕವು ಹೋದಾಗ ಕೈಯಿಂದ ನಡೆಸಲು ಬರುವುದೇ? ಪಾಸ್‌ವರ್ಡನ್ನು ನಾವೇ ಬದಲಾಯಿಸಬಹುದೇ? ವರ್ಷಕ್ಕೆ ಕೊಡಬೇಕಾದ ಹಣವೆಷ್ಟು, ರಿಪೇರಿಗೆ ಬರುವವರಾರು? ನಮ್ಮ ಮನೆಯ ಸಮಾಚಾರವು ಯಾರ ಬಳಿಗೆ ಹೋಗುವುದು? ಕೊನೆಯ ಪ್ರಶ್ನೆಗಾಗಿ ೨೦೨೩ರಲ್ಲಿ ನಮ್ಮ ಪಾರ್ಲಿಮೆಂಟು ಶಾಸನವನ್ನೇ ಮಾಡಿದೆ. ಆದರೆ ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಡದಿರುವ ವಿವೇಕವನ್ನು ಯಾವ ಶಾಸನವೂ ಕೊಡಲಾರದು.

ಶಿಷ್ಯನಿಗೆ ನಾನು ಹೇಳಿದುದಿಷ್ಟು: "ಅಪ್ಪಾ, ವಿದ್ಯೆ ನಿನಗಿದೆ, ಅಗತ್ಯವೂ ಊರಿನಲ್ಲಿದೆ. ತೋಟವನ್ನು ಮಾತ್ರ ಮುಟ್ಟಬೇಡ. ಕೆಲಸದಲ್ಲಿದ್ದುಕೊಂಡೇ ನಿಮ್ಮೂರಿನ ಹನ್ನೆರಡು ಬೋರ್‌ವೆಲ್‌ಗಳಿಗೆ ಹಾಕು. ಒಂದು ಮಳೆಗಾಲ, ಒಂದು ಬೇಸಗೆ ಕಳೆಯಲಿ. ಊರಿನ ಇಬ್ಬರು ಹುಡುಗರಿಗೆ ರಿಪೇರಿಯನ್ನು ಕಲಿಸು. ವರ್ಷದ ಕೊನೆಗೆ ಹನ್ನೆರಡು ಮಂದಿಯಲ್ಲಿ ಎಷ್ಟು ಮಂದಿ ಸಂತೋಷದಿಂದ ಮುಂದಿನ ವರ್ಷದ ಹಣವನ್ನು ಕೊಡುವರೋ ಅದೇ ನಿನ್ನ ವ್ಯಾಪಾರದ ನಿಜವಾದ ಲೆಕ್ಕ."

ಆತನ ಮುಖದಲ್ಲಿ ನಿರಾಶೆಯಿದ್ದಿತು. ದೊಡ್ಡ ಅಂಗಡಿಯ ಕನಸನ್ನು ಕಂಡವನಿಗೆ ಹನ್ನೆರಡು ಪೆಟ್ಟಿಗೆಗಳು ಸಣ್ಣವಾಗಿ ತೋರಿದುದು ಸಹಜವೇ. ಆದರೂ ಕೈಮುಗಿದು ಹೊರಟನು. ಮೊನ್ನೆ ಆತನ ತಂದೆ ಸಂತೆಗೆ ಬಂದಾಗ ನಮ್ಮ ಮನೆಗೂ ಬಂದು, ಒಂದು ಗೊನೆ ಎಳನೀರನ್ನು ಜಗುಲಿಯ ಮೇಲಿಟ್ಟರು. "ಏಳು ಹಾಕಿದ್ದಾನೆ ಮೇಷ್ಟ್ರೇ. ಸಿಡಿಲಿಗೆ ಎರಡು ಹೋದುವು, ಮತ್ತೆ ಸರಿಮಾಡಿದ. ಎಂಟನೆಯದು ನಮ್ಮದೇ ಬಾವಿಗೆ" ಎಂದರು. ತೋಟದ ಪತ್ರವೆಲ್ಲಿದೆಯೆಂದು ಕೇಳಿದೆನು. "ಪೆಟ್ಟಿಗೆಯಲ್ಲೇ ಇದೆ" ಎಂದು ನಕ್ಕರು.