ಉಳಿತಾಯಕ್ಕೂ ಬೇಕು ವ್ರತದ ಎಲ್ಲೆ

ಗೃಹಸ್ಥನ ಮನೆಯಲ್ಲಿ ಒಲೆ ಉರಿಯಲೇಬೇಕು, ನೀರು ಹರಿಯಲೇಬೇಕು, ದುಡಿಮೆಗಾಗಿ ಹೊಸ್ತಿಲು ದಾಟಲೇಬೇಕು. ಇದನ್ನು ಬಲ್ಲ ಜೈನಾಚಾರ್ಯರು ಶ್ರಾವಕನಿಗೆ ಮುನಿಯ ಮಹಾವ್ರತಗಳನ್ನು ವಿಧಿಸದೆ ಅಣುವ್ರತಗಳನ್ನು ಬೋಧಿಸಿದರು. ಮುನಿಗಳು ವಾಹನವನ್ನೇರದೆ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಬರಿಗಾಲಿನಲ್ಲಿ ವಿಹರಿಸುತ್ತಾರೆ. ಇದು ಈರ್ಯಾ ಸಮಿತಿ. ಶ್ರಾವಕನಿಗೆ ಅಷ್ಟು ಸಾಧ್ಯವಿಲ್ಲ. ಆದರೆ ತನ್ನ ಓಡಾಟದಿಂದ ಎಷ್ಟು ಜೀವಗಳಿಗೆ ಬಾಧೆಯಾಯಿತು ಎಂಬ ಎಚ್ಚರ ಅವನಿಗೂ ಇರಬೇಕು.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಈ ಎಚ್ಚರವನ್ನು ಅನರ್ಥದಂಡ ವ್ರತದಲ್ಲಿ ವಿವರಿಸುತ್ತದೆ. ಪ್ರಯೋಜನವಿಲ್ಲದೆ ಮಾಡುವ ಪಾಪಕಾರ್ಯವೇ ಅನರ್ಥದಂಡ. ಅದರ ಐದು ಬಗೆಗಳಲ್ಲಿ ಒಂದು ಪ್ರಮಾದಚರ್ಯೆ. ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡ ಕಡಿಯುವುದು ಇದರಲ್ಲಿ ಸೇರುತ್ತವೆ. ಈ ಐದೂ ಏಕೇಂದ್ರಿಯ ಸ್ಥಾವರ ಜೀವಗಳ ನೆಲೆಗಳು. ಇವುಗಳ ಸಾಲಿನಲ್ಲೇ ಆಚಾರ್ಯರು ಇನ್ನೂ ಎರಡನ್ನು ಹೇಳುತ್ತಾರೆ: ಕಾರಣವಿಲ್ಲದೆ ತಾನು ಅಲೆಯುವುದು, ಕಾರಣವಿಲ್ಲದೆ ಇತರರನ್ನು ಅಲೆಸುವುದು.

ಪೆಟ್ರೋಲ್ ಎಂಬುದೇ ಇಲ್ಲದಿದ್ದ ಕಾಲದ ಈ ಮಾತು ಇಂದಿನ ನಮ್ಮ ಮನೆಗೆ ಎಷ್ಟು ಒಪ್ಪುತ್ತದೆ! ಬೀದಿಯ ತುದಿಯ ಅಂಗಡಿಗೂ ಸ್ಕೂಟರ್ ಹೊರಡುತ್ತದೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಾಗಿ ಮೊಬೈಲ್ ಒತ್ತಿ, ಯಾರದೋ ಮನೆಯ ಹುಡುಗನನ್ನು ಉರಿಬಿಸಿಲಿನಲ್ಲಿ ಓಡಿಸುತ್ತೇವೆ. ಮೊದಲನೆಯದು ತಾನು ಅಲೆಯುವುದು, ಎರಡನೆಯದು ಇತರರನ್ನು ಅಲೆಸುವುದು.

ಈ ಅಲೆದಾಟದ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ದಿನಕ್ಕೆ 20 ಕಿ.ಮೀ.ನಂತೆ ವರ್ಷದಲ್ಲಿ 300 ದಿನ ಓಡುವ, ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್‌ಗೆ ಸುಮಾರು 133 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಎಂದರೂ ಖರ್ಚು 13 ಸಾವಿರ ದಾಟುತ್ತದೆ, ಹೊಗೆಯ ತೂಕ 300 ಕಿಲೋ ಮೀರುತ್ತದೆ. ಅಷ್ಟೇ ದೂರವನ್ನು ವಿದ್ಯುತ್ ಸ್ಕೂಟರ್ ಸುಮಾರು 200 ಯೂನಿಟ್‌ನಲ್ಲಿ ಕ್ರಮಿಸುತ್ತದೆ. ಯೂನಿಟ್‌ಗೆ 7 ರೂಪಾಯಿಯಂತೆ ಅದರ ಖರ್ಚು 1,400 ರೂಪಾಯಿ. ಪೆಡಲ್ ತುಳಿತಕ್ಕೆ ಮೋಟಾರಿನ ನೆರವಿರುವ ಇ-ಸೈಕಲ್‌ಗೆ 100 ಕಿ.ಮೀ.ಗೆ ಒಂದರಿಂದ ಒಂದೂವರೆ ಯೂನಿಟ್ ಸಾಕು. ಮೋಟಾರು 250 ವಾಟ್ ಮೀರದೆ, ವೇಗ ಗಂಟೆಗೆ 25 ಕಿ.ಮೀ. ದಾಟದಿದ್ದರೆ ಅದಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಬಸದಿಯ ದರ್ಶನಕ್ಕೂ ಸಂತೆಗೂ ಇದು ತಕ್ಕ ವಾಹನ.

ಆದರೆ ವಿದ್ಯುತ್ತಿಗೂ ಒಂದು ಮೂಲವುಂಟು. ನಮ್ಮ ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಸರಾಸರಿಯಲ್ಲಿ ಒಂದು ಯೂನಿಟ್‌ನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ‘ಗೃಹಜ್ಯೋತಿ’ಯಿಂದ ನಮ್ಮ ಬಿಲ್ಲು ಶೂನ್ಯವಾಗಿರಬಹುದು. ಬಿಲ್ಲು ಶೂನ್ಯವಾದ ಮಾತ್ರಕ್ಕೆ ಹಿಂಸೆ ಶೂನ್ಯವಾಗುವುದಿಲ್ಲ. ಕಲ್ಲಿದ್ದಲಿಗಾಗಿ ನೆಲ ಅಗೆಯುತ್ತಲೇ ಇರುತ್ತಾರೆ, ಕುಲುಮೆ ಉರಿಯುತ್ತಲೇ ಇರುತ್ತದೆ.

ಇಲ್ಲಿ ಮನೆಯ ಮಾಳಿಗೆಯ ಸೌರಫಲಕ ನೆರವಿಗೆ ಬರುತ್ತದೆ. ನಮ್ಮ ಸೀಮೆಯ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಕಿಲೋವಾಟ್ ಇದ್ದರೆ ವರ್ಷಕ್ಕೆ 2,800 ಯೂನಿಟ್‌ನ ಆಸುಪಾಸು, ಅಂದರೆ ಎರಡು ಟನ್ನಿನಷ್ಟು ಇಂಗಾಲ ತಪ್ಪಿದಂತೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಅದಕ್ಕೂ ಹೆಚ್ಚಿನದಕ್ಕೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಗಿದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಜೈನ ಮನೆಗೆ ದಿನವನ್ನು ಸೂರ್ಯನಿಗೆ ಹೊಂದಿಸಿಕೊಳ್ಳುವುದು ಹೊಸತೇನಲ್ಲ. ರುಬ್ಬುವುದು, ಒಗೆಯುವುದು, ನೀರೆತ್ತುವುದು, ಬ್ಯಾಟರಿಗೆ ಚಾರ್ಜ್ ಮಾಡುವುದು ಇವೂ ಹಗಲಿಗೇ ಸರಿದರೆ ಆ ನಿಯಮದ ಪ್ರಯೋಜನ ಇನ್ನಷ್ಟು ವಿಸ್ತರಿಸೀತು.

ಹಾಗೆಂದು ಸೌರಫಲಕವಾಗಲಿ ಬ್ಯಾಟರಿಯಾಗಲಿ ನಿರ್ದೋಷವೆಂದು ಭ್ರಮಿಸಬಾರದು. ಅವುಗಳಿಗೂ ಗಣಿ ತೋಡಬೇಕು, ಕುಲುಮೆ ಹೊತ್ತಿಸಬೇಕು. ಗೃಹಸ್ಥನ ಆರಂಭದಲ್ಲಿ ಹಿಂಸೆ ಕಡಿಮೆಯಾಗಬಹುದೇ ಹೊರತು ಇಲ್ಲವಾಗದು. ಆದ್ದರಿಂದ ಕೊಂಡದ್ದನ್ನು ಬಹುಕಾಲ ಬಾಳುವಂತೆ ಕಾಪಾಡುವುದೂ ಅಹಿಂಸೆಯೇ. ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ. ಬಿಸಿಲು ಪುಕ್ಕಟೆ ಎಂದು ಇನ್ನೊಂದು ಎ.ಸಿ. ಕೊಳ್ಳುತ್ತೇವೆ. ಕಿಲೋಮೀಟರಿಗೆ ಕಾಲು ರೂಪಾಯಿಯೂ ಆಗದು ಎಂದು ಮೊದಲು ನಡೆಯುತ್ತಿದ್ದ ಕಡೆಗೂ ಗಾಡಿ ತೆಗೆಯುತ್ತೇವೆ. ಉಳಿದ ಹಣ ಮತ್ತೊಂದು ವಸ್ತುವಾಗಿ ಮನೆ ಸೇರುತ್ತದೆ. ಆಗ ಹೊಗೆ ಕಡಿಮೆಯಾದರೂ ಆಸೆ ಕಡಿಮೆಯಾಗಲಿಲ್ಲ. ಉಪಕರಣ ಬದಲಾಯಿತು, ಪರಿಗ್ರಹ ಹಾಗೆಯೇ ಉಳಿಯಿತು. ಸಾಧನದಿಂದ ಖರ್ಚು ತಗ್ಗೀತು. ಪರಿಮಾಣ ಮಾಡಿಕೊಳ್ಳುವುದು ಮನಸ್ಸಿನ ಕೆಲಸ.

ಇದಕ್ಕೆ ಮದ್ದು ಭೋಗೋಪಭೋಗ ಪರಿಮಾಣ ವ್ರತ. ಒಮ್ಮೆ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವಂಥದ್ದು ಉಪಭೋಗ. ಎಲ್ಲೆ ಹಾಕಿಕೊಳ್ಳಬೇಕಾದ ವಸ್ತುಗಳನ್ನು ಎಣಿಸುವಾಗ ಸಮಂತಭದ್ರರು ಭೋಜನದ ಜೊತೆಗೇ ವಾಹನವನ್ನೂ ಹೆಸರಿಸಿದ್ದಾರೆ. ಆಜೀವ ತ್ಯಾಗ ಯಮ. ಕಾಲಮಿತಿಯ ತ್ಯಾಗ ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಶಕ್ತಿಗೆ ತಕ್ಕಂತೆ ಕಾಲವನ್ನು ನಿಗದಿಪಡಿಸಿಕೊಳ್ಳಲು ಅವರು ಅವಕಾಶ ಕೊಟ್ಟಿದ್ದಾರೆ.

ಹಾಗಾದರೆ ಬರುವ ಒಂದು ಪಕ್ಷಕ್ಕೆ ನಿಯಮವೊಂದನ್ನು ತೆಗೆದುಕೊಳ್ಳೋಣ. ಒಂದು ಕಿಲೋಮೀಟರಿನೊಳಗೆ ಕಾಲ್ನಡಿಗೆ, ಐದರೊಳಗೆ ಸೈಕಲ್ ಅಥವಾ ಇ-ಸೈಕಲ್. ಅಂಗಡಿಯ ಕೆಲಸಗಳನ್ನೆಲ್ಲ ಸೇರಿಸಿ ಒಂದೇ ಪಯಣ. ಅಗತ್ಯವಿಲ್ಲದೆ ಮನೆಬಾಗಿಲಿಗೆ ಏನನ್ನೂ ತರಿಸದಿರುವುದು. ಇದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಇಷ್ಟು ಪಾಲಿಸಿದ ಮೇಲೆ ಮನೆಗೆ ನಿಜವಾಗಿ ಎಷ್ಟು ವಿದ್ಯುತ್ತು, ಎಂಥ ವಾಹನ ಬೇಕು ಎಂಬುದು ತಿಳಿಯುತ್ತದೆ. ಫಲಕವನ್ನೂ ಬ್ಯಾಟರಿ ಗಾಡಿಯನ್ನೂ ಆ ಅಳತೆಗೆ ತಕ್ಕಂತೆ ಕೊಳ್ಳಬೇಕು.

ಉಳಿದ ಹಣದಲ್ಲಿ ಮುಂದೆ ಬೇಕಾಗುವ ಬ್ಯಾಟರಿಗೆಂದು ಒಂದು ಪಾಲು ತೆಗೆದಿಟ್ಟು, ಇನ್ನೊಂದು ಪಾಲನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಕ್ಕೆ ಮೀಸಲಿಡೋಣ. ಕೂಡಿಟ್ಟರೆ ಉಳಿತಾಯವೂ ಪರಿಗ್ರಹವೇ. ಕೊಟ್ಟಾಗ ಅದು ಧರ್ಮವಾಗುತ್ತದೆ. ಸಂಜೆಯ ಸಾಮಾಯಿಕಕ್ಕೆ ಕುಳಿತಾಗ ಇಂದು ತಿರುಗಿದ್ದರಲ್ಲಿ ಅರ್ಥವಿದ್ದದ್ದೆಷ್ಟು, ಅನರ್ಥವೆಷ್ಟು ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.